ಅಂಬಾಸಿಡರ್‌ಗೆ ಇಸುಜು ಎಂಜಿನ್ ಕೂರಿಸಿದ ಮೇಲೆ ಚಾರ್ಜಿಂಗ್ ದೀಪದ ವೈರಿಂಗ್

ಪ್ರಶ್ನೆ: ತಂದೆಯವರ ಕಾಲದಿಂದ ಮನೆಯಲ್ಲಿರುವ 1972ರ ಅಂಬಾಸಿಡರ್ ಮಾರ್ಕ್ 2 ಕಾರಿನ ಮೂಲ ಎಂಜಿನ್ ಪೂರ್ತಿ ಸವೆದುಹೋದ ಕಾರಣ, ಗುಜರಿಗೆ ಬಂದಿದ್ದ ಅಂಬಾಸಿಡರ್ 1800 ಕಾರಿನ ಇಸುಜು ಪೆಟ್ರೋಲ್ ಎಂಜಿನ್ ಮತ್ತು ಐದು ಗೇರಿನ ಬಾಕ್ಸನ್ನು ತಂದು ಕೂರಿಸಿದ್ದೇವೆ. ಎಂಜಿನ್ ಚೆನ್ನಾಗಿ ಓಡುತ್ತಿದೆ. ತೊಂದರೆ ಇರುವುದು ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜಿಂಗ್ ದೀಪದಲ್ಲಿ. ಕೀಲಿ ತಿರುಗಿಸಿದಾಗ ಅದು ಮಂದವಾಗಿ ಹೊತ್ತಿಕೊಳ್ಳುತ್ತದೆ, ಎಂಜಿನ್ ಚಾಲೂ ಆದ ಮೇಲೂ ಹಾಗೆಯೇ ಇರುತ್ತದೆ. ಆಕ್ಸಿಲರೇಟರನ್ನು ಒಮ್ಮೆ ಜೋರಾಗಿ ಒತ್ತುವ ತನಕ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ನಮ್ಮೂರಿನ ಎಲೆಕ್ಟ್ರಿಷಿಯನ್ ಕೀಲಿಯಿಂದ ಆಲ್ಟರ್ನೇಟರಿಗೆ (ಎಂಜಿನ್ ಓಡುವಾಗ ಬ್ಯಾಟರಿಯನ್ನು ಚಾರ್ಜ್ ಮಾಡುವ ಯಂತ್ರಕ್ಕೆ) ನೇರವಾಗಿ ಒಂದು ವೈರ್ ಎಳೆದುಕೊಟ್ಟರು. ಚಾರ್ಜಿಂಗ್ ಸರಿಹೋಯಿತು, ಆದರೆ ಕೀಲಿ ತೆಗೆದರೂ ಎಂಜಿನ್ ನಿಲ್ಲಲಿಲ್ಲ. ಟಾಪ್ ಗೇರಿಗೆ ಹಾಕಿ ಕ್ಲಚ್ ಬಿಟ್ಟು ನಿಲ್ಲಿಸಬೇಕಾಯಿತು. ಆ ವೈರನ್ನು ತೆಗೆಸಿದ್ದೇನೆ. ಎಂಜಿನ್ ಆಯಿಲಿನ ಒತ್ತಡ ಕಡಿಮೆಯಾದರೆ ಎಚ್ಚರಿಸುವ ಆಯಿಲ್ ದೀಪ ಕೂಡ ಆರುತ್ತಿಲ್ಲ, ಎಂಜಿನ್ ಓಡುವಾಗ ಅರ್ಧ ಬೆಳಕಿನಲ್ಲಿ ಉರಿಯುತ್ತಲೇ ಇರುತ್ತದೆ. ಹಳೆಯ ಡೈನಮೊದ ಚಾರ್ಜಿಂಗನ್ನು ನಿಯಂತ್ರಿಸುತ್ತಿದ್ದ ಕಟೌಟ್ ಬಾಕ್ಸ್ ಇನ್ನೂ ಅದರ ಜಾಗದಲ್ಲೇ ಇದೆ. ದೀಪವನ್ನು ಹೇಗೆ ಜೋಡಿಸಬೇಕು? ಬಲ್ಬಿನ ಬದಲು ಎಲ್‌ಇಡಿ ಹಾಕಬಹುದೇ?

ಕಡೂರು ತಾಲ್ಲೂಕಿನ ಓದುಗರು

ಉತ್ತರ: ನೀವು ಬರೆದಿರುವ ಲಕ್ಷಣಗಳಲ್ಲಿ ಆಯಿಲ್ ದೀಪದ್ದನ್ನು ಬಿಟ್ಟರೆ ಉಳಿದವೆಲ್ಲ ಒಂದೇ ಕಾರಣದಿಂದ ಬಂದಿವೆ. ಆ ಕೆಂಪು ದೀಪದ ವೈರ್ ಇನ್ನೂ ಹಳೆಯ ಕಟೌಟ್ ಬಾಕ್ಸಿಗೇ ಅಂಟಿಕೊಂಡಿದೆ, ಹೊಸ ಎಂಜಿನ್ನಿನ ಆಲ್ಟರ್ನೇಟರಿಗೆ ತಲುಪಿಲ್ಲ. ಆಲ್ಟರ್ನೇಟರಿಗೂ ಮೊದಲು ಅದೇ ಕೆಲಸ ಮಾಡುತ್ತಿದ್ದ ಡೈನಮೊ ಇದ್ದ ಕಾಲದಲ್ಲಿ ಆ ದೀಪ ಕೇವಲ ಸುದ್ದಿ ಹೇಳುವ ದೀಪವಾಗಿತ್ತು. ಬಲ್ಬ್ ಸುಟ್ಟುಹೋದರೂ ಚಾರ್ಜಿಂಗ್ ತನ್ನ ಪಾಡಿಗೆ ನಡೆಯುತ್ತಿತ್ತು. ಆಲ್ಟರ್ನೇಟರ್ ಬಂದ ಮೇಲೆ ಅದೇ ಬಲ್ಬ್ ಚಾರ್ಜಿಂಗ್ ವ್ಯವಸ್ಥೆಯ ಒಂದು ಭಾಗವಾಗಿಬಿಡುತ್ತದೆ. ಈ ವ್ಯತ್ಯಾಸವನ್ನು ಗಮನಿಸದೆ ಮಾಡಿದ ಎಂಜಿನ್ ಬದಲಾವಣೆಗಳಲ್ಲಿ ನಿಮ್ಮಂಥದ್ದೇ ದೂರುಗಳು ಬರುತ್ತವೆ, ಆದ್ದರಿಂದ ವೈರ್ ಎಳೆಯುವ ಮೊದಲು ಎರಡೂ ವ್ಯವಸ್ಥೆಗಳ ಕೆಲಸವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಅದಕ್ಕೂ ಮುಂಚೆ ಒಂದು ಮಾತು: ಆಯಿಲ್ ದೀಪದ ವಿಷಯ ಇತ್ಯರ್ಥವಾಗುವ ತನಕ ದಯವಿಟ್ಟು ಕಾರನ್ನು ರಸ್ತೆಗೆ ಇಳಿಸಬೇಡಿ. ಅದು ವೈರಿಂಗ್ ದೋಷವೇ ಇರಬಹುದು, ಆದರೆ ಹಾಗೆಂದು ಊಹಿಸಿಕೊಂಡು ಓಡಿಸುವುದು ಸರಿಯಲ್ಲ. ಅದರ ವಿಚಾರಕ್ಕೆ ಕೊನೆಯಲ್ಲಿ ಬರುತ್ತೇನೆ.

ನಿಮ್ಮ ಕಾರಿನ ಮೂಲ 1489 ಸಿಸಿ ಎಂಜಿನ್ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನೊಂದಿಗೆ ಬಂದ ವಿನ್ಯಾಸ. ಅದರ ವಿದ್ಯುತ್ ವ್ಯವಸ್ಥೆಯೂ ಬ್ರಿಟನ್ನಿನ ಲ್ಯೂಕಾಸ್ ಕಂಪನಿಯ ಪದ್ಧತಿಯದ್ದೇ. ಹಿಂದುಸ್ತಾನ್ ಮೋಟಾರ್ಸ್ 1990ರ ದಶಕದ ಆರಂಭದಲ್ಲಿ ಅಂಬಾಸಿಡರ್‌ಗೆ 1817 ಸಿಸಿಯ ಇಸುಜು ಎಂಜಿನ್ನನ್ನೂ ಐದು ಗೇರುಗಳ ಬಾಕ್ಸನ್ನೂ ತಂದಿತು. ಬಾಡಿ ಹೆಚ್ಚುಕಡಿಮೆ ಅದೇ ಆಗಿದ್ದುದರಿಂದ ಹಳೆಯ ಮಾರ್ಕ್ 2, ಮಾರ್ಕ್ 3 ಕಾರುಗಳಿಗೆ ಈ ಎಂಜಿನ್ ಕೂರಿಸುವುದು ಕಷ್ಟಸಾಧ್ಯವಾದರೂ ವಿಚಿತ್ರವಾದ ಕೆಲಸವಲ್ಲ. ಆದರೆ ಮೆಕ್ಯಾನಿಕ್‌ಗೆ ಅಕ್ಕಪಕ್ಕದ ಮನೆಗಳಂತೆ ಕಾಣುವ ಈ ಎರಡು ಎಂಜಿನ್ನುಗಳು ಎಲೆಕ್ಟ್ರಿಷಿಯನ್‌ಗೆ ಬೇರೆ ಬೇರೆ ಊರುಗಳೇ.

ಡೈನಮೊ ವ್ಯವಸ್ಥೆಯಲ್ಲಿ ದೀಪದ ಒಂದು ತುದಿ ಕೀಲಿಯ ಸ್ವಿಚ್ಚಿಗೂ ಇನ್ನೊಂದು ತುದಿ ಕಟೌಟ್ ಬಾಕ್ಸಿನ ಮೂಲಕ ಡೈನಮೊದ 'ಡಿ' ಟರ್ಮಿನಲ್ಲಿಗೂ ಸೇರಿರುತ್ತದೆ. ಡೈನಮೊ ನಿಂತಿರುವಾಗ ಅದರ ಆರ್ಮೇಚರಿನ, ಅಂದರೆ ಒಳಗೆ ತಿರುಗುವ ಸುರುಳಿಯ, ಪ್ರತಿರೋಧ ತೀರಾ ಕಡಿಮೆ ಇರುವುದರಿಂದ 'ಡಿ' ಟರ್ಮಿನಲ್ ಬಹುತೇಕ ಕಾರಿನ ಲೋಹದ ಮೈಗೆ, ಅಂದರೆ ಬಾಡಿ ಅರ್ಥ್‌ಗೆ ಸಮ. ಕೀಲಿ ತಿರುಗಿಸಿದ ಕೂಡಲೇ ಬಲ್ಬಿನ ಒಂದು ಕಡೆ 12 ವೋಲ್ಟ್, ಇನ್ನೊಂದು ಕಡೆ ಸೊನ್ನೆ, ಹೀಗಾಗಿ ಪೂರ್ತಿ ಬೆಳಕು. ಡೈನಮೊ ತಿರುಗಿ ಬ್ಯಾಟರಿಯಷ್ಟೇ ವೋಲ್ಟೇಜ್ ಕೊಡತೊಡಗಿದಾಗ ಬಲ್ಬಿನ ಎರಡೂ ಕಡೆ ಸಮನಾಗಿ ದೀಪ ಆರುತ್ತದೆ. ಡೈನಮೊದ ಕಬ್ಬಿಣದಲ್ಲಿ ಉಳಿದಿರುವ ಕಾಂತತ್ವವೇ ಅದನ್ನು ಎಬ್ಬಿಸಲು ಸಾಕು, ಬಲ್ಬಿನ ಸಹಾಯ ಅದಕ್ಕೆ ಬೇಕಿಲ್ಲ.

ಆಲ್ಟರ್ನೇಟರ್ ಹಾಗಲ್ಲ. ಅದರೊಳಗೆ ತಿರುಗುವ ಭಾಗವಾದ ರೋಟರಿನಲ್ಲಿ ಉಳಿಯುವ ಕಾಂತತ್ವ ಅಲ್ಪ. ಅದರಿಂದ ಹುಟ್ಟುವ ವೋಲ್ಟೇಜ್, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡುಗಳನ್ನು ದಾಟಬೇಕಾದರೆ, ಪ್ರತಿಯೊಂದು ಡಯೋಡೂ 0.7 ವೋಲ್ಟಿನಷ್ಟು ಸುಂಕ ವಸೂಲಿ ಮಾಡುವುದರಿಂದ, ಎಂಜಿನ್ ಸಾಕಷ್ಟು ವೇಗವಾಗಿ ತಿರುಗಬೇಕಾಗುತ್ತದೆ. ಈ ಕಷ್ಟವನ್ನು ತಪ್ಪಿಸಲು ಕೀಲಿ ತಿರುಗಿಸಿದ ಕೂಡಲೇ ಬಲ್ಬಿನ ಮೂಲಕ ರೋಟರಿಗೆ ಸ್ವಲ್ಪ ಕರೆಂಟು ಹರಿಯುವಂತೆ ಮಾಡಿರುತ್ತಾರೆ. ಡ್ಯಾಶ್‌ಬೋರ್ಡಿನಲ್ಲಿ ಸಾಮಾನ್ಯವಾಗಿ ಬಳಸುವ 12 ವೋಲ್ಟ್ 2.2 ವಾಟ್ ಬಲ್ಬ್ ಸುಮಾರು 180 ಮಿಲಿ ಆಂಪಿಯರ್ ಬಿಡುತ್ತದೆ. ರೋಟರನ್ನು ಎಬ್ಬಿಸಲು ಅಷ್ಟು ಸಾಕು. ಒಮ್ಮೆ ಎದ್ದ ಮೇಲೆ ಒಳಗಿರುವ ಮೂರು ಚಿಕ್ಕ ಡಯೋಡುಗಳು ರೋಟರಿಗೆ ಬೇಕಾದ ಕರೆಂಟನ್ನು ತಾವೇ ಪೂರೈಸುತ್ತವೆ, ಅದೇ ಹೊತ್ತಿಗೆ ದೀಪದ ಟರ್ಮಿನಲ್ಲಿನಲ್ಲೂ 14 ವೋಲ್ಟಿನ ಆಸುಪಾಸು ಬಂದು ದೀಪ ಆರುತ್ತದೆ.

ಈಗ ನಿಮ್ಮ ದೂರುಗಳಿಗೆ ಬರೋಣ. ನಿಮ್ಮ ದೀಪದ ವೈರ್ ಕಟೌಟ್ ಬಾಕ್ಸಿನ 'ಡಿ'ಗೆ ಹೋಗಿ ನಿಂತಿದೆ, ಅಲ್ಲಿಂದಾಚೆ ಡೈನಮೊ ಇಲ್ಲ. ಆದರೆ ಆ ಬಾಕ್ಸಿನೊಳಗೆ 'ಡಿ'ಯಿಂದ ಅರ್ಥ್‌ಗೆ ಸಣ್ಣ ತಂತಿಯ ಸುರುಳಿಗಳಿವೆ. ಬಲ್ಬಿನ ಕರೆಂಟು ಆ ಸುರುಳಿಗಳನ್ನು ಹಾದು ಅರ್ಥ್‌ಗೆ ಇಳಿಯುತ್ತಿದೆ; ಸುರುಳಿಯ ಪ್ರತಿರೋಧ ನಡುವೆ ಇರುವುದರಿಂದ ಬೆಳಕು ಮಂದ. ಎಂಜಿನ್ ಓಡಿದರೂ ನಿಂತರೂ ಆ ಸುರುಳಿಗೆ ಏನೂ ವ್ಯತ್ಯಾಸವಿಲ್ಲ, ಆದ್ದರಿಂದಲೇ ದೀಪವೂ ಬದಲಾಗುವುದಿಲ್ಲ. ಅತ್ತ ಆಲ್ಟರ್ನೇಟರಿಗೆ ಎಬ್ಬಿಸುವ ಕರೆಂಟೇ ಸಿಗದ ಕಾರಣ ನೀವು ಆಕ್ಸಿಲರೇಟರ್ ಒತ್ತಿ, ಅದು ತನ್ನ ಉಳಿಕೆ ಕಾಂತತ್ವದಿಂದಲೇ ಏಳುವ ತನಕ ಚಾರ್ಜಿಂಗ್ ಶುರುವಾಗುತ್ತಿಲ್ಲ.

ನಿಮ್ಮ ಎಲೆಕ್ಟ್ರಿಷಿಯನ್ ನೇರವಾಗಿ ವೈರ್ ಎಳೆದಾಗ ನಡೆದದ್ದು ಇನ್ನೂ ಸ್ವಾರಸ್ಯಕರ. ದೀಪದ ಟರ್ಮಿನಲ್ಲಿಗೆ ಕೀಲಿಯಿಂದ ನೇರ ಕರೆಂಟು ಬಂದುದರಿಂದ ಆಲ್ಟರ್ನೇಟರ್ ತಕ್ಷಣ ಎದ್ದಿತು. ಆದರೆ ಎಂಜಿನ್ ಓಡುವಾಗ ಅದೇ ಟರ್ಮಿನಲ್ 14 ವೋಲ್ಟನ್ನು ಹೊರಗೂ ಕೊಡುತ್ತದೆ. ನೀವು ಕೀಲಿ ತೆಗೆದಾಗ ಬ್ಯಾಟರಿಯಿಂದ ಬರುವ ದಾರಿ ಮುಚ್ಚಿತು, ಆಲ್ಟರ್ನೇಟರಿನಿಂದ ಅದೇ ವೈರಿನಲ್ಲಿ ಹಿಂದಕ್ಕೆ ಹರಿದ ಕರೆಂಟು ಇಗ್ನಿಷನ್ ಕಾಯಿಲಿಗೆ ಸೇರಿತು. ಎಂಜಿನ್ ತನ್ನ ಕಿಡಿಯನ್ನು ತಾನೇ ಹುಟ್ಟಿಸಿಕೊಂಡು ಓಡುತ್ತಲೇ ಹೋಯಿತು. ನಡುವೆ ಬಲ್ಬ್ ಇದ್ದಿದ್ದರೆ ಹಿಂದಕ್ಕೆ ಬರಬಹುದಾಗಿದ್ದುದು ಹೆಚ್ಚೆಂದರೆ ಆ 180 ಮಿಲಿ ಆಂಪಿಯರ್. ಕೆಲವು ಆಂಪಿಯರ್ ಬೇಡುವ ಕಾಯಿಲಿಗೆ ಅದು ಏನೇನೂ ಸಾಲದು. ಆ ಎಲೆಕ್ಟ್ರಿಷಿಯನ್ನರನ್ನು ನಾನು ತೀರಾ ದೂರುವುದಿಲ್ಲ, ಏಕೆಂದರೆ ಕೆಲವು ಆಲ್ಟರ್ನೇಟರುಗಳಲ್ಲಿ ಕೀಲಿಯಿಂದ ನೇರ ವೈರ್ ಬೇಡುವ 'ಐಜಿ' ಎಂಬ ಟರ್ಮಿನಲ್ ಪ್ರತ್ಯೇಕವಾಗಿ ಇರುತ್ತದೆ, ಅಲ್ಲಿ ಅವರು ಮಾಡಿದ ಕೆಲಸವೇ ಸರಿಯಾಗುತ್ತಿತ್ತು. ಆದರೆ ದೀಪದ ಟರ್ಮಿನಲ್ಲಿಗೆ ನೇರ ವೈರ್ ಕೊಡುವುದು ಎಂದಿಗೂ ಸಲ್ಲದು. ದೀಪವನ್ನು ಟ್ರಾನ್ಸಿಸ್ಟರಿನ ಮೂಲಕ ಅರ್ಥ್‌ಗೆ ಎಳೆಯುವ ಬಗೆಯ ರೆಗ್ಯುಲೇಟರ್ (ಚಾರ್ಜಿಂಗ್ ವೋಲ್ಟೇಜನ್ನು ಹದದಲ್ಲಿಡುವ ಭಾಗ) ಒಳಗಿದ್ದರೆ ಆ ಟ್ರಾನ್ಸಿಸ್ಟರ್ ಕ್ಷಣಮಾತ್ರದಲ್ಲಿ ಸುಟ್ಟುಹೋಗುತ್ತದೆ. ನಿಮ್ಮದು ಸುಡದೆ ಉಳಿದು, ಕರೆಂಟನ್ನು ಹಿಂದಕ್ಕೂ ಕೊಟ್ಟಿರುವುದನ್ನು ನೋಡಿದರೆ ಅದು ಮೂರು ಚಿಕ್ಕ ಡಯೋಡುಗಳ ಹಳೆಯ ಬಗೆಯದ್ದೇ ಎಂದು ಹೇಳಬಹುದು.

ಕೆಲಸ ಶುರುಮಾಡುವ ಮೊದಲು ಬ್ಯಾಟರಿಯ ಯಾವ ತುದಿ ಬಾಡಿಗೆ ಸೇರಿದೆ ಎಂದು ಕಣ್ಣಾರೆ ನೋಡಿ. ಹಳೆಯ ಬ್ರಿಟಿಷ್ ಪದ್ಧತಿಯ ಕಾರುಗಳಲ್ಲಿ ಪಾಸಿಟಿವ್ ತುದಿಯನ್ನು ಬಾಡಿಗೆ ಕೊಡುವ ವಾಡಿಕೆ ಇತ್ತು. ನಿಮ್ಮ ಆಲ್ಟರ್ನೇಟರ್ ಸುಡದೆ ಕೆಲಸ ಮಾಡುತ್ತಿರುವುದರಿಂದ ಈಗ ನೆಗೆಟಿವ್ ತುದಿಯೇ ಬಾಡಿಯಲ್ಲಿ ಇರಲೇಬೇಕು, ಆದರೂ ಮುಂದೆ ಬ್ಯಾಟರಿ ಬದಲಿಸುವವರು ಹಳೆಯ ಅಭ್ಯಾಸಬಲದಿಂದ ತಿರುಗುಮುರುಗು ಮಾಡದಂತೆ ಕೇಬಲ್ಲಿಗೆ ಕೆಂಪು ಮತ್ತು ಕಪ್ಪು ಟೇಪು ಸುತ್ತಿಡಿ. ಅನಂತರ ನೆಗೆಟಿವ್ ಕೇಬಲನ್ನು ಬಿಚ್ಚಿ ಬದಿಗಿಟ್ಟೇ ಮುಂದಿನ ಕೆಲಸಕ್ಕೆ ಕೈಹಾಕಿ.

ಕಟೌಟ್ ಬಾಕ್ಸಿನಿಂದ ಬಿಚ್ಚುವ ಪ್ರತಿಯೊಂದು ವೈರಿಗೂ ಕಾಗದದ ಟೇಪು ಅಂಟಿಸಿ, ಅದು ಯಾವ ಟರ್ಮಿನಲ್ಲಿನಲ್ಲಿತ್ತು ಎಂದು ಬರೆಯಿರಿ. ಲ್ಯೂಕಾಸ್ ಪದ್ಧತಿಯ ಬಣ್ಣಗಳು ಇನ್ನೂ ಉಳಿದಿದ್ದರೆ ನಿಮ್ಮ ಅದೃಷ್ಟ: ಕಂದು ವೈರ್ ಬ್ಯಾಟರಿಯಿಂದ ನೇರವಾಗಿ ಬರುವುದು, ಬಿಳಿಯದು ಕೀಲಿಯಿಂದ ಬರುವುದು, ಕಂದಿನ ಮೇಲೆ ಹಳದಿ ಗೆರೆ ಇರುವುದು ಡೈನಮೊದ 'ಡಿ' ಮತ್ತು ದೀಪಕ್ಕೆ ಸಂಬಂಧಿಸಿದ್ದು, ಕಂದಿನ ಮೇಲೆ ಹಸಿರು ಗೆರೆ ಇರುವುದು ಫೀಲ್ಡಿನದು (ಡೈನಮೊದ ಕಾಂತ ಸುರುಳಿಯದು), ಬಿಳಿಯ ಮೇಲೆ ಕಂದು ಗೆರೆ ಇರುವುದು ಆಯಿಲ್ ದೀಪದ್ದು. ಇನ್ನೂ ಹಳೆಯ ಗಾಡಿಗಳಲ್ಲಿ 'ಡಿ' ವೈರ್ ಬರಿಯ ಹಳದಿಯಾಗಿರುವುದೂ ಉಂಟು. ಐವತ್ತು ವರ್ಷಗಳಲ್ಲಿ ನಾಲ್ಕಾರು ಕೈಗಳು ಆಡಿರುವ ಕಾರಿನಲ್ಲಿ ಬಣ್ಣವನ್ನು ನಂಬಿ ಕೂರಬೇಡಿ. ಪ್ರತಿಯೊಂದು ವೈರನ್ನೂ ಮಲ್ಟಿಮೀಟರಿನಿಂದ ತುದಿಯಿಂದ ತುದಿಗೆ ಪರೀಕ್ಷಿಸಿದ ಮೇಲೆಯೇ ಅದಕ್ಕೆ ಹೆಸರಿಡಿ.

ಬಾಕ್ಸಿನ 'ಎ' ಟರ್ಮಿನಲ್ಲಿಗೆ ಬ್ಯಾಟರಿಯ ಕಡೆಯಿಂದ ಬರುವ ದಪ್ಪ ಕಂದು ವೈರೂ, 'ಎ1' ಟರ್ಮಿನಲ್ಲಿನಿಂದ ಹೆಡ್‌ಲೈಟು ಮುಂತಾದವುಗಳ ಕಡೆಗೆ ಹೋಗುವ ಕಂದು ವೈರೂ ಬಾಕ್ಸಿನೊಳಗಿನ ಒಂದು ದಪ್ಪ ಸುರುಳಿಯ ಮೂಲಕ ಸೇರಿರುತ್ತವೆ. ಬಾಕ್ಸನ್ನು ತೆಗೆದಾಗ ಈ ಎರಡನ್ನೂ ಒಟ್ಟಿಗೆ ಜೋಡಿಸದೆ ಬಿಟ್ಟರೆ ಇಡೀ ಕಾರಿಗೆ ಕರೆಂಟು ನಿಂತುಹೋಗುತ್ತದೆ. ಒಳ್ಳೆಯ ಉಂಗುರದ ಲಗ್ಗುಗಳನ್ನು ಒತ್ತಿ ಹಾಕಿಸಿ, ಬಾಡಿಗೆ ತಾಗದ ಒಂದು ಬೋಲ್ಟಿನ ಮೇಲೆ ಎರಡನ್ನೂ ಬಿಗಿ ಮಾಡಿ, ಮೇಲೆ ರಬ್ಬರ್ ಮುಚ್ಚಳ ಹಾಕಿ. ಫೀಲ್ಡಿನ ವೈರಿಗೆ ಇನ್ನು ಕೆಲಸವಿಲ್ಲ. ಎರಡೂ ತುದಿಗಳನ್ನು ಮುಚ್ಚಿ ಹಾಗೆಯೇ ಬಿಡಿ, ಕತ್ತರಿಸಬೇಡಿ. ಹಳೆಯ ಕಾರಿನ ಬಾನೆಟ್ಟಿನೊಳಗಿನ ನೋಟ ಕೆಡಬಾರದು ಎಂಬ ಆಸೆ ನಿಮಗಿದ್ದರೆ, ಬಾಕ್ಸಿನ ಒಳಗಿನ ಸುರುಳಿಗಳನ್ನೆಲ್ಲ ತೆಗೆದು ಖಾಲಿ ಮಾಡಿ, ಅದರ ಟರ್ಮಿನಲ್ಲುಗಳನ್ನು ಬರಿಯ ಜೋಡಣೆಯ ಜಾಗವಾಗಿ ಬಳಸಿಕೊಳ್ಳಬಹುದು. ನನಗಂತೂ ಅದು ಮೆಚ್ಚುಗೆಯಾದ ವಿಧಾನ.

ಇನ್ನು ದೀಪದ ವೈರ್. ಬಾಕ್ಸಿನ 'ಡಿ' ಟರ್ಮಿನಲ್ಲಿನಲ್ಲಿ ನಿಮಗೆ ಎರಡು ವೈರುಗಳು ಸಿಗುತ್ತವೆ. ಡ್ಯಾಶ್‌ಬೋರ್ಡಿನ ದೀಪದಿಂದ ಬರುವ ತೆಳ್ಳಗಿನದು ಒಂದು, ಹಿಂದೆ ಡೈನಮೊಗೆ ಹೋಗುತ್ತಿದ್ದ ದಪ್ಪನೆಯದು ಇನ್ನೊಂದು. ಈ ಎರಡನ್ನೂ ಬಾಕ್ಸಿನಿಂದ ಬಿಡಿಸಿ ಒಂದಕ್ಕೊಂದು ಜೋಡಿಸಿಬಿಟ್ಟರೆ, ಎಂಜಿನ್ ಕಡೆಗೆ ಆಗಲೇ ಒಂದು ವೈರ್ ಹೋಗಿ ತಲುಪಿರುತ್ತದೆ; ಅದರ ತುದಿಯನ್ನು ಆಲ್ಟರ್ನೇಟರಿನ ದೀಪದ ಟರ್ಮಿನಲ್ಲಿಗೆ ಮುಟ್ಟಿಸುವುದಷ್ಟೇ ಬಾಕಿ. ಹೊಸ ವೈರನ್ನು ಎಂಜಿನ್ನಿಗೂ ಕಾರಿನ ಒಳಭಾಗಕ್ಕೂ ನಡುವಿನ ಗೋಡೆಯಾದ ಫೈರ್‌ವಾಲ್ ತೂತಿನಿಂದ ತೂರಿಸುವ ತಾಪತ್ರಯವೇ ಇಲ್ಲ. ಆ ಹಳೆಯ ವೈರಿನ ಮೇಲಿನ ರಬ್ಬರ್ ಬಿರುಕು ಬಿಟ್ಟಿದ್ದರೆ ಮಾತ್ರ ಹೊಸದನ್ನು ಎಳೆಯಿರಿ, ಒಂದು ಚದರ ಮಿಲಿಮೀಟರಿನ ವೈರ್ ಧಾರಾಳವಾಯಿತು.

ಆಲ್ಟರ್ನೇಟರಿನ ಹಿಂಬದಿಯಲ್ಲಿ ದೀಪದ ಟರ್ಮಿನಲ್ಲನ್ನು ತಯಾರಕರು ಬೇರೆ ಬೇರೆ ಗುರುತುಗಳಿಂದ ತೋರಿಸುತ್ತಾರೆ: 'ಎಲ್', 'ಡಿ ಪ್ಲಸ್', ಲ್ಯೂಕಾಸ್ ಬಗೆಯಲ್ಲಿ 'ಐಎನ್‌ಡಿ'. ದಪ್ಪ ಬೋಲ್ಟಿನದು 'ಬಿ ಪ್ಲಸ್', ಅದು ಬ್ಯಾಟರಿಗೆ. ಎರಡು ಪಿನ್ನುಗಳ ಪ್ಲಗ್ಗಿದ್ದು ಒಂದರ ಮೇಲೆ 'ಎಸ್' ಎಂದಿದ್ದರೆ ಅದು ಬ್ಯಾಟರಿಯ ವೋಲ್ಟೇಜನ್ನು ನೋಡಿಕೊಳ್ಳುವ ವೈರ್. ಅದನ್ನು 'ಬಿ ಪ್ಲಸ್' ಕಡೆಗೇ ಸೇರಿಸಬೇಕು, ಬಿಟ್ಟರೆ ಕೆಲವು ರೆಗ್ಯುಲೇಟರುಗಳು ಬ್ಯಾಟರಿಯನ್ನು ಕುದಿಸಿಬಿಡುತ್ತವೆ. ಗುರುತು ಅಳಿಸಿಹೋಗಿದ್ದರೆ ಎಂಜಿನ್ ನಿಲ್ಲಿಸಿ, ಸಣ್ಣ ಟರ್ಮಿನಲ್ಲುಗಳ ವೈರ್ ಬಿಚ್ಚಿ, 2.2 ವಾಟಿನ ಒಂದು ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಬ್ಯಾಟರಿಯ ಪಾಸಿಟಿವ್‌ಗೆ ಹಿಡಿದು ಇನ್ನೊಂದನ್ನು ಒಂದೊಂದೇ ಟರ್ಮಿನಲ್ಲಿಗೆ ಮುಟ್ಟಿಸಿ. ನಿಮ್ಮ ಬಗೆಯ ಆಲ್ಟರ್ನೇಟರಿನಲ್ಲಿ ಲ್ಯಾಂಪು ಚೆನ್ನಾಗಿ ಹೊತ್ತಿಕೊಳ್ಳುವ ಟರ್ಮಿನಲ್ಲೇ ದೀಪದ್ದು. ದೊಡ್ಡ ಬಲ್ಬಿನಿಂದ ಈ ಪರೀಕ್ಷೆ ಮಾಡಬೇಡಿ.

ವೈರ್ ಸೇರಿಸುವ ಮೊದಲು ದೀಪದ ಕಡೆಯ ಅರ್ಧ ಭಾಗವನ್ನು ಪ್ರತ್ಯೇಕವಾಗಿ ಪರೀಕ್ಷಿಸುವುದು ಒಳ್ಳೆಯದು. ಬ್ಯಾಟರಿ ಮತ್ತೆ ಜೋಡಿಸಿ, ಕೀಲಿ ತಿರುಗಿಸಿ, ಎಂಜಿನ್ ಕಡೆಯ ಆ ವೈರಿನ ತುದಿಯನ್ನು ಎಂಜಿನ್ ಬ್ಲಾಕಿಗೆ ಮುಟ್ಟಿಸಿ ನೋಡಿ. ಮುಟ್ಟಿಸಿದಾಗ ದೀಪ ಪೂರ್ತಿ ಬೆಳಕಿನಿಂದ ಉರಿಯಬೇಕು, ಬಿಟ್ಟಾಗ ಪೂರ್ತಿ ಆರಬೇಕು. ಬಿಟ್ಟ ಮೇಲೂ ಉರಿಯುತ್ತಿದ್ದರೆ ವೈರ್ ಎಲ್ಲೋ ಬಾಡಿಗೆ ತಾಗುತ್ತಿದೆ, ಇಲ್ಲವೇ ಬಲ್ಬಿನ ಹೋಲ್ಡರೇ ತಪ್ಪು. ಈ ಎರಡನೆಯದನ್ನು ಬಹಳ ಜನ ಮರೆಯುತ್ತಾರೆ. ಮೀಟರಿನ ಒಳಗೆ ಬೆಳಕು ಕೊಡುವ ಸಾಮಾನ್ಯ ಬಲ್ಬಿನ ಹೋಲ್ಡರ್ ಒಂದೇ ವೈರಿನದು, ಅದರ ಲೋಹದ ಮೈಯೇ ಅರ್ಥ್. ಎಚ್ಚರಿಕೆಯ ದೀಪಗಳ ಹೋಲ್ಡರಿನಲ್ಲಿ ಎರಡು ವೈರುಗಳಿದ್ದು ಮೈಗೆ ಯಾವುದೂ ತಾಗಿರುವುದಿಲ್ಲ, ಏಕೆಂದರೆ ಅವುಗಳ ಯಾವ ತುದಿಯೂ ನೇರವಾಗಿ ಅರ್ಥ್ ಅಲ್ಲ. ಡ್ಯಾಶ್‌ಬೋರ್ಡ್ ಬಿಚ್ಚಿ ಕೂರಿಸುವಾಗ ಈ ಎರಡು ಅದಲುಬದಲಾದರೆ ಆ ದೀಪ ಯಾವ ಕಾಲಕ್ಕೂ ಆರುವುದಿಲ್ಲ. ದೀಪ ಹೊತ್ತಿಕೊಳ್ಳದೇ ಹೋದರೆ ಬಲ್ಬ್, ಹೋಲ್ಡರಿನ ತುಕ್ಕು, ಕೀಲಿಯಿಂದ ಬರುವ ಬಿಳಿ ವೈರ್, ಇವನ್ನು ಈ ಅನುಕ್ರಮದಲ್ಲೇ ನೋಡಿ.

ದೀಪ ಸರಿಹೋದ ಮೇಲೆ 'ಬಿ ಪ್ಲಸ್' ವೈರಿನ ದಪ್ಪದ ಬಗ್ಗೆಯೂ ವಿಚಾರಿಸಬೇಕು. ಆ ಕಾಲದ ಲ್ಯೂಕಾಸ್ ಸಿ40 ಡೈನಮೊದ ಸಾಮರ್ಥ್ಯ 22 ಆಂಪಿಯರ್. ಆಲ್ಟರ್ನೇಟರ್ ಅದರ ಎರಡು ಪಟ್ಟನ್ನೂ ಮೀರಿ ಕೊಡಬಲ್ಲದು. ಡೈನಮೊ ಕಾಲದ ವೈರಿನಲ್ಲೇ ಆ ಕರೆಂಟನ್ನು ಹರಿಸಿದರೆ ವೈರ್ ಬಿಸಿಯಾಗುವುದು ಒಂದು ಅಪಾಯ, ವೋಲ್ಟೇಜ್ ನಷ್ಟವಾಗಿ ದೀಪ ಮಿಣಮಿಣ ಎನ್ನುವುದು ಇನ್ನೊಂದು ಕಿರಿಕಿರಿ. 10 ಚದರ ಮಿಲಿಮೀಟರಿನ ತಾಮ್ರದ ಕೇಬಲ್ಲನ್ನು 'ಬಿ ಪ್ಲಸ್'ನಿಂದ ಸ್ಟಾರ್ಟರಿಗೆ ಕರೆಂಟು ಬಿಡುವ ಸ್ವಿಚ್ಚಾದ ಸೊಲೆನಾಯ್ಡಿನ ಬ್ಯಾಟರಿ ಕಡೆಯ ಬೋಲ್ಟಿಗೆ ನೇರವಾಗಿ ಒಯ್ದು, ಸೊಲೆನಾಯ್ಡಿನ ತುದಿಗೆ ಹತ್ತಿರದಲ್ಲಿ ಆಲ್ಟರ್ನೇಟರಿನ ಸಾಮರ್ಥ್ಯಕ್ಕೆ ತಕ್ಕ ಫ್ಯೂಸನ್ನು ಹಾಕಿಸಿ. ಡ್ಯಾಶ್‌ಬೋರ್ಡಿನಲ್ಲಿ ಯಾರಾದರೂ 30 ಆಂಪಿಯರಿನ ಆಮ್ಮೀಟರ್ ಕೂರಿಸಿದ್ದರೆ ಚಾರ್ಜಿಂಗ್ ಕರೆಂಟನ್ನು ಅದರ ಮೂಲಕ ಹಾಯಿಸಬೇಡಿ, ಬದಲಿಗೆ ವೋಲ್ಟ್ ಮೀಟರ್ ಹಾಕಿಕೊಳ್ಳಿ.

ಅಷ್ಟೇ ಮುಖ್ಯವಾದದ್ದು ಎಂಜಿನ್ ಮತ್ತು ಬಾಡಿಯ ನಡುವಿನ ಅರ್ಥ್ ಪಟ್ಟಿ. ಎಂಜಿನ್ ರಬ್ಬರ್ ಮೌಂಟುಗಳ ಮೇಲೆ ಕುಳಿತಿರುತ್ತದೆ, ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಎಂಜಿನ್ ಇಳಿಸುವಾಗ ಬಿಚ್ಚಿದ ಹೆಣೆದ ತಾಮ್ರದ ಪಟ್ಟಿಯನ್ನು ಹೊಸ ಎಂಜಿನ್ನಿಗೆ ಹಾಕುವುದನ್ನು ಮರೆತರೆ, ಸ್ಟಾರ್ಟರಿನ ಅಷ್ಟೂ ಕರೆಂಟು ಚೋಕ್ ಕೇಬಲ್ಲನ್ನೋ ಆಕ್ಸಿಲರೇಟರ್ ಕೇಬಲ್ಲನ್ನೋ ದಾರಿ ಮಾಡಿಕೊಂಡು ಅವನ್ನು ಕಾಯಿಸುತ್ತದೆ, ಎಂಜಿನ್ ಕಡೆಯ ದೀಪಗಳೆಲ್ಲ ಅರೆಬೆಳಕಿಗೆ ಇಳಿಯುತ್ತವೆ. ಎಂಜಿನ್ ಓಡುವಾಗ ಹೆಡ್‌ಲೈಟ್ ಹಾಕಿ, ಮಲ್ಟಿಮೀಟರಿನ ಒಂದು ಮುಳ್ಳನ್ನು ಎಂಜಿನ್ ಬ್ಲಾಕಿಗೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಹಿಡಿಯಿರಿ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಪಟ್ಟಿಯನ್ನೂ ಅದರ ಬೋಲ್ಟಿನ ಅಡಿಯ ಬಣ್ಣವನ್ನೂ ಉಜ್ಜಿ ಸರಿಮಾಡಿ.

ಎಲ್ಲ ಜೋಡಿಸಿದ ಮೇಲೂ ಎಂಜಿನ್ ಓಡುವಾಗ ಕೆಂಪು ದೀಪ ನಸುವಾಗಿ ಉರಿಯುವ ಸಂದರ್ಭ ಬರಬಹುದು. ಬಲ್ಬಿನ ಎರಡು ತುದಿಗಳ ವೋಲ್ಟೇಜ್ ಸಮನಾಗಿಲ್ಲ ಎಂಬುದಷ್ಟೇ ಅದರ ಅರ್ಥ. ಯಾವ ತುದಿ ಕಡಿಮೆ ಎಂದು ಕಂಡುಕೊಳ್ಳಬೇಕು. ಬ್ಯಾಟರಿಯಲ್ಲಿ 13.8ರಿಂದ 14.4 ವೋಲ್ಟ್ ಇದ್ದು, ಬಲ್ಬಿನ ಕೀಲಿಯ ಕಡೆಯ ತುದಿಯಲ್ಲಿ 13ಕ್ಕೂ ಕಡಿಮೆ ಇದ್ದರೆ ದೋಷ ಕೀಲಿಯ ಸ್ವಿಚ್ಚಿನ ಸವೆದ ಕಾಂಟ್ಯಾಕ್ಟುಗಳಲ್ಲಿದೆ. ಐವತ್ತು ವರ್ಷದ ಸ್ವಿಚ್ಚಿಗೆ ಅದು ಸಹಜ. ಆಗ ದೀಪ ಹಿಮ್ಮುಖವಾಗಿ, ಅಂದರೆ ಆಲ್ಟರ್ನೇಟರಿನ ಕಡೆಯಿಂದ ಬರುವ ಕರೆಂಟಿನಿಂದ ಉರಿಯುತ್ತಿರುತ್ತದೆ. ಕೀಲಿಯ ಕಡೆ ಸರಿಯಿದ್ದು 'ಬಿ ಪ್ಲಸ್' ಮತ್ತು ದೀಪದ ಟರ್ಮಿನಲ್ಲಿನ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ಅಂತರ ಕಂಡರೆ ಆಲ್ಟರ್ನೇಟರಿನ ಒಳಗಿನ ಡಯೋಡು ಕೆಟ್ಟಿರುವ ಸಾಧ್ಯತೆ ಹೆಚ್ಚು, ಗುಜರಿಯಿಂದ ಬಂದ ಎಂಜಿನ್ನಿನಲ್ಲಿ ಇದನ್ನೂ ನಿರೀಕ್ಷಿಸಬೇಕು.

ಎಲ್‌ಇಡಿ ಹಾಕಬಹುದೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಹಾಕಬಹುದು, ಆದರೆ ಬರಿಯ ಎಲ್‌ಇಡಿ ಹಾಕುವಂತಿಲ್ಲ. ಅದು ಬಿಡುವ ಕರೆಂಟು 10ರಿಂದ 20 ಮಿಲಿ ಆಂಪಿಯರ್ ಮಾತ್ರ, ಅಷ್ಟರಿಂದ ರೋಟರ್ ಏಳುವುದಿಲ್ಲ. ಆಕ್ಸಿಲರೇಟರ್ ಒತ್ತಿ ಎಬ್ಬಿಸುವ ಹಳೆಯ ಕಥೆಗೇ ನೀವು ಮರಳುತ್ತೀರಿ. ಎಲ್‌ಇಡಿಗೆ ಸಮಾಂತರವಾಗಿ 68 ಓಮ್, 5 ವಾಟಿನ ಒಂದು ರೆಸಿಸ್ಟರನ್ನು ಜೋಡಿಸಿದರೆ 12 ವೋಲ್ಟಿನಲ್ಲಿ ಸುಮಾರು 176 ಮಿಲಿ ಆಂಪಿಯರ್ ಹರಿದು ಬಲ್ಬಿನ ಕೆಲಸವನ್ನು ಅದು ವಹಿಸಿಕೊಳ್ಳುತ್ತದೆ. ಕೀಲಿ ಹಾಕಿ ಎಂಜಿನ್ ನಿಲ್ಲಿಸಿರುವಾಗ ಅದು ಎರಡು ವಾಟಿನಷ್ಟು ಶಾಖ ಹೊರಸೂಸುವುದರಿಂದ ಪ್ಲಾಸ್ಟಿಕ್ಕಿಗೂ ವೈರಿನ ಗೊಂಚಲಿಗೂ ತಾಗದಂತೆ ಲೋಹದ ಮೇಲೆ ಕೂರಿಸಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂಥ ರೆಸಿಸ್ಟರುಗಳು ಸುಲಭವಾಗಿ ಸಿಗುತ್ತವೆ. ಇಷ್ಟೆಲ್ಲ ಹೇಳಿದ ಮೇಲೂ ನನ್ನ ಅಭಿಪ್ರಾಯ ಕೇಳಿದರೆ, ಹಳೆಯ ಕಾರಿನ ಡ್ಯಾಶ್‌ಬೋರ್ಡಿಗೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಿಂದ ತಂದ 2.2 ವಾಟಿನ ಮಾಮೂಲಿ ಸ್ಕ್ರೂ ಬಲ್ಬೇ ಯೋಗ್ಯ.

ಮುಂದೆ ಎಂದಾದರೂ ನೀವು ಇಗ್ನಿಷನ್ನಿಗೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹರಿಸುವ ಸ್ವಿಚ್ಚು) ಹಾಕಿಸಿದರೆ ಹಳೆಯ ಭೂತ ಮತ್ತೆ ಕಾಣಿಸಿಕೊಳ್ಳಬಹುದು. ಕಾಯಿಲಿಗೆ ಸಾಲದ ಬಲ್ಬಿನ ಕರೆಂಟು ಒಂದು ರಿಲೇಯನ್ನು ಹಿಡಿದಿಟ್ಟುಕೊಳ್ಳಲು ಸಾಕಾಗುತ್ತದೆ, ಏಕೆಂದರೆ ರಿಲೇ ಎಳೆಯಲು ಬೇಕಾದದ್ದಕ್ಕಿಂತ ಎಳೆದದ್ದನ್ನು ಹಿಡಿದಿಡಲು ತೀರಾ ಕಡಿಮೆ ಕರೆಂಟು ಸಾಕು. ಕೀಲಿ ತೆಗೆದರೂ ಎಂಜಿನ್ ನಿಲ್ಲದಿದ್ದರೆ ದೀಪ ಮತ್ತು ಆಲ್ಟರ್ನೇಟರಿನ ನಡುವೆ 1ಎನ್4007 ಡಯೋಡನ್ನು, ಬೆಳ್ಳಿಯ ಪಟ್ಟೆ ಇರುವ ತುದಿ ಆಲ್ಟರ್ನೇಟರಿನ ಕಡೆಗೆ ಇರುವಂತೆ, ಸೇರಿಸಿ. ಆದರೆ ಇದನ್ನು ಮುಂಜಾಗ್ರತೆಗೆಂದು ಈಗಲೇ ಹಾಕಿಸಬೇಡಿ. ಡಯೋಡು ಹಿಮ್ಮುಖ ಕರೆಂಟನ್ನು ತಡೆಯುವುದರಿಂದ, ಮೇಲೆ ಹೇಳಿದ ನಸುಬೆಳಕಿನ ಮೂಲಕ ಸವೆದ ಕೀಲಿಯ ಸ್ವಿಚ್ಚು ಕೊಡುವ ಸೂಚನೆಯೂ ಅದರೊಂದಿಗೆ ಮರೆಯಾಗುತ್ತದೆ.

ಕಾಗದಪತ್ರದ ಒಂದು ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎಂಜಿನ್ ಬದಲಾದರೆ ಆರ್‌ಸಿಯಲ್ಲಿರುವ ಎಂಜಿನ್ ಸಂಖ್ಯೆಯೂ ತಾಳೆಯಾಗುವುದಿಲ್ಲ. ವಾಹನದಲ್ಲಿ ಮಾಡುವ ಮಾರ್ಪಾಡುಗಳ ವಿಷಯ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಲ್ಲಿ ಬರುತ್ತದೆ. ಎಂಜಿನ್ ಕೊಂಡ ರಸೀದಿಯನ್ನು ಹಿಡಿದುಕೊಂಡು ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಇದನ್ನು ಸರಿಪಡಿಸಿಕೊಳ್ಳಿ.

ಈಗ ಆಯಿಲ್ ದೀಪ. ಇದರ ಜೋಡಣೆ ಸರಳ: ಕೀಲಿಯಿಂದ ಬಲ್ಬಿಗೆ, ಬಲ್ಬಿನಿಂದ ಎಂಜಿನ್ ಬ್ಲಾಕಿನಲ್ಲಿರುವ ಆಯಿಲ್ ಸ್ವಿಚ್ಚಿಗೆ ಒಂದೇ ವೈರ್. ಒತ್ತಡ ಇಲ್ಲದಾಗ ಆ ಸ್ವಿಚ್ಚು ಮುಚ್ಚಿದ್ದು ಬಲ್ಬನ್ನು ಅರ್ಥ್‌ಗೆ ಸೇರಿಸುತ್ತದೆ, ಒತ್ತಡ ಸಾಮಾನ್ಯವಾಗಿ 0.3ರಿಂದ 0.5 ಬಾರ್ ದಾಟಿದಾಗ ತೆರೆದುಕೊಂಡು ದೀಪವನ್ನು ಆರಿಸುತ್ತದೆ. ಅದು ಹೊತ್ತುತ್ತದೆ, ಇಲ್ಲವೇ ಆರುತ್ತದೆ. ಅದಕ್ಕೆ ಅರ್ಧ ಎಂಬುದು ಇಲ್ಲ. ನಿಮ್ಮ ದೀಪ ಎಂಜಿನ್ ಓಡುವಾಗ ಅರ್ಧ ಬೆಳಕಿನಲ್ಲಿ ಉರಿಯುತ್ತಿದೆ ಎಂದರೆ ಆ ಜಾಗದಲ್ಲಿರುವುದು ಸ್ವಿಚ್ಚಲ್ಲ, ಆಯಿಲ್ ಮೀಟರಿಗೆಂದು ಮಾಡಿದ ಸೆಂಡರ್ ಎಂಬುದು ನನ್ನ ಮೊದಲ ಅನುಮಾನ. ಸೆಂಡರಿನಲ್ಲಿ ಒತ್ತಡಕ್ಕೆ ತಕ್ಕಂತೆ ಪ್ರತಿರೋಧ ಬದಲಾಗುತ್ತದೆಯೇ ಹೊರತು ಸಂಪರ್ಕ ಪೂರ್ತಿ ಕಡಿಯುವುದಿಲ್ಲ. ವೈರನ್ನು ಬಿಚ್ಚಿ, ಎಂಜಿನ್ ನಿಂತಿರುವಾಗ ಮತ್ತು ಓಡುವಾಗ ಆ ಟರ್ಮಿನಲ್ಲಿಗೂ ಬ್ಲಾಕಿಗೂ ನಡುವಿನ ಓಮ್ ಅಳೆಯಿರಿ. ನಿಂತಾಗ ಸೊನ್ನೆ, ಓಡುವಾಗ ತೆರೆದ ಸರ್ಕ್ಯೂಟು ತೋರಿಸಿದರೆ ಅದು ಒಳ್ಳೆಯ ಸ್ವಿಚ್ಚು, ದೋಷ ವೈರಿನಲ್ಲಿದೆ. ಎರಡೂ ಹೊತ್ತಿನಲ್ಲಿ ಹತ್ತಾರು ಓಮ್ ತೋರಿಸಿದರೆ ಅದು ಸೆಂಡರ್. ಆಗ ಇಸುಜು ಎಂಜಿನ್ನಿಗೆಂದೇ ಇರುವ ಸ್ವಿಚ್ಚನ್ನು ತಂದು ಹಾಕಿ. ಹಳೆಯ ಎಂಜಿನ್ನಿನ ಸ್ವಿಚ್ಚನ್ನು ಮರೆ (ತಿರುಪಿನ ಗೆರೆಗಳು) ಸವೆಯುವಂತೆ ಬಲವಂತವಾಗಿ ತಿರುಗಿಸಿ ಕೂರಿಸಬೇಡಿ, ಮರೆಗೆ ಬಿಳಿ ಟೇಪನ್ನು ಸುತ್ತಿ ಸುತ್ತಿ ಅರ್ಥ್ ಸಂಪರ್ಕವನ್ನೂ ಕೆಡಿಸಬೇಡಿ.

ಆದರೆ ಈ ಅಳತೆಗಳಿಗೂ ಮೊದಲು, ಅದೇ ತೂತಿಗೆ ಮೆಕ್ಯಾನಿಕ್ಕುಗಳ ಬಳಿ ಇರುವ ಕೊಳವೆಯ ಆಯಿಲ್ ಗೇಜನ್ನು ಹಾಕಿಸಿ, ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲೂ ಸ್ವಲ್ಪ ಆಕ್ಸಿಲರೇಟರ್ ಕೊಟ್ಟೂ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ನೋಡಿ. ಮುಳ್ಳು ಏಳುತ್ತಿದ್ದರೆ ಮೇಲಿನ ಪರೀಕ್ಷೆಗಳನ್ನು ನಿಶ್ಚಿಂತೆಯಿಂದ ಮಾಡಬಹುದು. ಏಳದೇ ಹೋದರೆ ದೀಪ ನಿಜವನ್ನೇ ಹೇಳುತ್ತಿದೆ. ಕೂಡಲೇ ಎಂಜಿನ್ ನಿಲ್ಲಿಸಿ, ವೈರಿಂಗಿನ ಕೆಲಸವನ್ನು ಅಲ್ಲಿಗೇ ಬಿಟ್ಟು, ಆಯಿಲ್ ಪಂಪು ಮತ್ತು ಬೇರಿಂಗುಗಳನ್ನು ನೋಡಲು ಎಂಜಿನ್ ಕೂರಿಸಿದ ಮೆಕ್ಯಾನಿಕ್ ಅವರನ್ನೇ ಕರೆಸಿ.